ಮುದ್ದೆಮಾಲು ನಂಬರ್ ಹದಿನಾಲ್ಕು

ಜಮಖಂಡಿ ಕೋರ್ಟಿನ ಹಿಂದಿನ ಕೋಲಿ, ಕಿಡಕಿಗೆ ಜಾಳಿಗಿ,
ಕೀಲಿಕೈ ನನ್ನ ಸೊಂಟದಾಗ ಇಪ್ಪತ್ತೆರಡು ವರ್ಷ.
ಒಳಗ ಏನೇನದಾವ ಅಂತ ಕೇಳಿದರ ಹೇಳತೇನಿ:
ಹಿಡಿಕಿ ಇಲ್ಲದ ಕುಡಗೋಲು, ಮಟಕಾ ಚೀಟಿ,
ಯಾವದೋ ಹೆಣ್ಣಮಗಳ ಒಂಟಿ ಚಪ್ಪಲಿ,
ಅರಗಿನ ಸೀಲು ಹಚ್ಚಿದ ಸೆರೆದ ಬಾಟ್ಲಿ
(ಸೀಲು ಒಡೀದನ ಸೆರೆ ಹೆಂಗ ಕಮ್ಮಿ ಆಗತೈತಿ ಅಂತ
ಸಾಹೇಬರೂ ಕೇಳಿಲ್ಲ, ನಾನೂ ಹೇಳಿಲ್ಲ)
ಮತ್ತ ಮೂಲ್ಯಾಗ, ಅರಿವ್ಯಾಗ ಸುತ್ತಿದ ಒಂದು ಕಲ್ಲು.

ತೂಕ ಆರು ನೂರಾ ನಲವತ್ತು ಗ್ರಾಂ. ಬಣ್ಣ ಕೆಂಪು.
ಇಳಕಲ್ಲ ಕಡೆದಲ್ಲ, ಹಂಗ ಮಿಂಚಂಗಿಲ್ಲ.
ರಸ್ತೆ ಮಾಡಾಕ ಅಂತ ಗುತ್ತಿಗೆದಾರ ಸುರುವಿ ಹೋಗಿದ್ದು;
ಬಿಲ್ಲು ಆತು, ರಸ್ತೆ ಆಗಲಿಲ್ಲ.
ನಗರಸಭೆ ರಿಸಲ್ಟ್ ಬಂದ ಸಂಜಿ
ಗುಲಾಲದಾಗ ಎಲ್ಲಾರ ಮಾರಿ ಒಂದ ಆಗಿದ್ದಾಗ
ಹಾರಿ ಬಂತು.
ರೊಟ್ಟಿ ಮಾರೂ ಯಮನವ್ವನ ಎಡಗಿವಿ ಮ್ಯಾಲ ಬಿತ್ತು.

ಎದುರಿಗೆ ಬಾಬಣ್ಣನ ಚಾದಂಗಡಿ, ಎರಡು ಬಾಕು.
ಆ ಬಾಕಿನ ಮ್ಯಾಲ ಈ ಕಲ್ಲು ಸಂಚು,
ಈ ಬಾಕಿನ ಮ್ಯಾಲ ಮಂದಿ ಸಿಟ್ಟು.
ತಾರೀಖು ಮುಂದ ಹೋದರ ಜಡ್ಜ ಅವರ ಮನಶ್ಯಾ,
ಜಾಮೀನು ಆದರ ಇವರ ಮನಶ್ಯಾ.
ಸಾಹೇಬರ ಬಿ.ಪಿ. ಗುಳಿಗಿ ತರಾವ ನಾ,
ಅವರು ಯಾರ ಮನಶ್ಯಾ ಅಂತ ನನಗಂತೂ ತಿಳಿದಿಲ್ಲ.
ಚಿನಿವಾಲರ ಅಣ್ಣ ತಮ್ಮ, ಒಂದ ಹೊಟ್ಟೀಲೆ ಬಂದವರು,
ಬೆನ್ನಿಗೆ ಬೆನ್ನು ಮಾಡಿ ಚಾ ಕುಡಿತಿದ್ದರು.
ಅವ್ವನ ವರ್ಷದ ಊಟಕ್ಕೂ ಎರಡು ಪಂಕ್ತಿ ಹಾಕಿದರಂತ.
ಮಾತಿನ್ಯಾಗ ಕಲ್ಲು ಬೆಳೀತು. ಒಬ್ಬಾವ ತೆಂಗಿನಕಾಯಿ ಅಂದ,
ಇನ್ನೊಬ್ಬಾವ ಎರಡೂ ಕೈಲೆ ತೋರಿಸಿದ, ಬೀಸೂ ಕಲ್ಲಿನಷ್ಟು.
ನೋಡಬೇಕಂತ ಯಾರೂ ಬರಲಿಲ್ಲ ನನ್ನ ಕೋಲಿಗೆ.

ನಾಕನೇ ಆರೋಪಿ ಪಾರ್ಟಿ ಬದಲಿಸಿದ ದಿನ
ನ್ಯಾಯ ಬೇಕು ಅಂತಿದ್ದವರು ಸುಳ್ಳು ಕೇಸ ಅಂದರು,
ಸುಳ್ಳು ಕೇಸ ಅಂತಿದ್ದವರು ನ್ಯಾಯ ಬೇಕು ಅಂದರು.
ಗ್ಲಾಸಿನ್ಯಾಗಿನ ಚಾ ಇನ್ನೂ ಆರಿರಲಿಲ್ಲ.

ಆಮ್ಯಾಲ ಸರಕಾರ ಬದಲಾತು, ಕಾಗದ ಬಂತು:
'ಸಾರ್ವಜನಿಕ ಹಿತದೃಷ್ಟಿಯಿಂದ ಪ್ರಕರಣವನ್ನು ಹಿಂಪಡೆಯಲಾಗಿದೆ.
ಬೆಲೆಯಿಲ್ಲದ ಮುದ್ದೆಮಾಲನ್ನು ನಾಶಪಡಿಸತಕ್ಕದ್ದು.'
ಚೀಟಿ ಇದ್ದರ ಸುಡತೇನಿ. ಸೆರೆ ಇದ್ದರ ಚೆಲ್ಲತೇನಿ,
ಉಳದದ್ದನ್ನ. ಕಲ್ಲಿಗೆ ಏನು ಮಾಡಲಿ?
ಒಡದರ ಎರಡು ಆಗತಾವ.

ಅಷ್ಟರಾಗ ಯಮನವ್ವ ಬಂದಳು,
ಬಲಗಿವಿ ನನ್ನ ಕಡೆ ತಿರುವಿ ಕಟ್ಟಿ ಮ್ಯಾಲ ಕುಂತಳು.
'ಯಪ್ಪಾ, ಕೇಸ ಮುಗೀತಂತ. ಆ ಕಲ್ಲು ನನಗ ಕೊಡು.'
'ಯಾಕವಾ?'
'ಗಾಳಿಗೆ ತಾಡಪಾಲ ಹಾರತೈತಿ.'
ಸುತ್ತಿದ ಅರಿವಿ ಬಿಚ್ಚಿದೆ. ಆಕಿ ಕೈಯಾಗ ತಗೊಂಡು
ರೊಟ್ಟಿ ಬೆಂದೈತೋ ಇಲ್ಲೋ ನೋಡೂವಂಗ ತಿರುವಿ ನೋಡಿದಳು.
'ಇಷ್ಟ ಐತೇನು?' ಅಂದಳು.

ಕೇಳಬಾರದಿತ್ತು. ಕೇಳಿದೆ:
'ಯಾರು ಒಗದರು ಅಂತ ನಿನಗರೆ ಗೊತ್ತೈತೇನು?'
'ಗೊತ್ತಿಲ್ಲದ ಏನು. ಎದುರಿಗೇ ಇದ್ದೆ.'
'ಮತ್ತ ಹೇಳಲಿಲ್ಲ?'
'ನನ್ನ ಹೆಸರ ಕೂಗಲೇ ಇಲ್ಲಲೋ ಯಪ್ಪಾ.'
ಖರೇನ. ಎರಡೂ ಕಡೆ ಬ್ಯಾನರಿನ ಮ್ಯಾಲ
ಪಟ್ಟಿ ಕಟ್ಟಿದ ಆಕಿ ತಲಿ ಇತ್ತು,
ಸಾಕ್ಷಿ ಪಟ್ಟಿಯೊಳಗ ಇರಲಿಲ್ಲ.

ರಜಿಸ್ಟರಿನ್ಯಾಗ ಬರದೆ: 'ನಾಶಪಡಿಸಲಾಗಿದೆ.'
ಸಹಿ ಹಾಕುವಾಗ ಕೈ ನಡುಗಲಿಲ್ಲ,
ಅದ ನನಗ ಇವತ್ತಿಗೂ ಸೋಜಿಗ.

ಎದುರಿನ ಬಾಕುಗಳ ಮ್ಯಾಲ ಕಲ್ಲು ಇನ್ನೂ ಬೆಳೀತೈತಿ.
ಸಂತಿ ರಸ್ತೇದಾಗ ಅದು ಆರು ನೂರಾ ನಲವತ್ತು ಗ್ರಾಮಿನದ್ದ,
ತಾಡಪಾಲಿನ ಮೂಲಿ ಹಿಡಕೊಂಡು ಸುಮ್ಮನ ಕುಂತೈತಿ.
ಮೊನ್ನೆ ಡೊಳ್ಳು ಕೇಳಿತು, ಯಾರದೋ ಮೆರವಣಿಗೆ.
ಮಂದಿ ಅಂಗಡಿ ಬಾಗಲಾ ಎಳಕೊಂಡರು,
ಹುಡುಗೂರನ್ನ ಒಳಗ ಕರದರು.
ಯಮನವ್ವ ರೊಟ್ಟಿ ಬುಟ್ಟಿ ಬಿಟ್ಟು
ಮೊದಲ ಆ ಕಲ್ಲು ಎತ್ತಿ ಸೆರಗಿನ್ಯಾಗ ಮುಚ್ಚಿಕೊಂಡಳು.
ತಾಡಪಾಲ ಪಟಪಟ ಬಡಕೊಳ್ಳಾಕ ಹತ್ತಿತು.