ಎಣ್ಣೆ ಕಲೆ

ಡಬ್ಬದ ಮೇಲೆ ಹತ್ತು ಸಾವಿರ ಲ್ಯೂಮೆನ್,
ಒಂದಕ್ಕಿಂತ ಒಂದು ದಪ್ಪ ಸೊನ್ನೆ,
ಪಕ್ಕದಲ್ಲೊಂದು ಹದ್ದು, ಅದರ ಕಣ್ಣಿಂದ ಮಿಂಚು.
"ಮೇಡಂ, ಇದು ನಿಜವಾ ನೋಡಿ" ಎಂದು
ಆನೆ ಕಾವಲಿನ ದ್ಯಾವಯ್ಯ ಮೇಜಿನ ಮೇಲಿಟ್ಟ
ಜಬೀವುಲ್ಲಾನ ಅಂಗಡಿಯ ಮೂರು ಟಾರ್ಚು,
ಜೊತೆಗೊಂದು ಹಳೇದು.

ಆಲೂರಿನ ಪಿಯು ಕಾಲೇಜು, ಫಿಸಿಕ್ಸ್ ಲ್ಯಾಬು.
ನಾನು ಅಟೆಂಡರು, ಮೇಡಂ ಅಲ್ಲ;
ಹತ್ತೊಂಬತ್ತು ವರ್ಷ ಮಸೂರ ಒರೆಸಿದವಳು.
ಒರೆಸುತ್ತ ಒರೆಸುತ್ತ ಕಿವಿಗೆ ಬಿದ್ದದ್ದಿಷ್ಟು:
ದೂರ ಎರಡು ಪಟ್ಟಾದರೆ ಬೆಳಕು ಕಾಲು ಪಾಲು.

ಕಿಟಕಿಗೆ ಕಪ್ಪು ಬಟ್ಟೆ.
ಬಿಳಿ ಹಾಳೆಯ ನಡುವೆ ಒಂದು ತೊಟ್ಟು ಕೊಬ್ಬರಿ ಎಣ್ಣೆ,
ನನ್ನ ತಲೆಯದೇ, ಬೆರಳಲ್ಲಿ ಸವರಿದ್ದು.
ಟಾರ್ಚನ್ನು ಹಾಳೆಗೇ ಹಿಡಿದರೆ
ನಡುವಿನ ಚುಕ್ಕಿ ಮಾತ್ರ ಉರಿದು ಬಡಾಯಿ ಕೊಚ್ಚುತ್ತದೆ.
ಅದಕ್ಕೇ ಗೋಡೆಗೆ ತಿರುಗಿಸಿದೆ.
ಎದುರು ಗೋಡೆಗೆ ನಮ್ಮ ಅರವತ್ತು ವ್ಯಾಟಿನ ಬುರುಡೆ ಬಲ್ಬು,
ಅದೇ ಸುಣ್ಣ, ಅದೇ ನ್ಯಾಯ.
ಹಾಳೆ ಸರಿಸು, ಇನ್ನಷ್ಟು ಸರಿಸು,
ಎರಡು ಕಡೆಯೂ ಸಮ ಬಂದ ಕ್ಷಣ
ಕಲೆ ಮಾಯ.

ಮೊದಲನೆಯದು ನಾನೂರ ಹತ್ತು.
ಸಾವಿರವಲ್ಲ ದ್ಯಾವಯ್ಯ, ಬರೀ ನಾನೂರು,
ಅದೂ ಎಣ್ಣೆಯ ಲೆಕ್ಕ, ಐವತ್ತು ಆಚೆ ಈಚೆ.
ಎರಡನೆಯದು ಇನ್ನೂರ ಎಪ್ಪತ್ತು.
ಮೂರನೆಯದು ಹತ್ತಲೇ ಇಲ್ಲ;
ಬ್ಯಾಟರಿಯ ಸಿಪ್ಪೆ ಸುಲಿದರೆ ಒಳಗೊಂದು ಮರಿ ಬ್ಯಾಟರಿ,
ಸುತ್ತ ತೂಕಕ್ಕೆ ತುಂಬಿದ ಮಣ್ಣು.
"ಮಣ್ಣಾ?"
ಮೂಸಿ ನೋಡಿದ.
"ನಮ್ಮ ಕಡೇದಲ್ಲ."

ಉರಿಯಲು ಬಿಟ್ಟು ಟೀ ಕುಡಿದೆವು.
ಐದೇ ನಿಮಿಷಕ್ಕೆ ಕಲೆ ಮತ್ತೆ ಮೂಡಿತು.
ಮುಕ್ಕಾಲು ಗಂಟೆಗೆ ನಾನೂರು ನೂರಾಗಿತ್ತು.
ಪಕ್ಕದಲ್ಲೇ ಕೂತಿದ್ದೆವು, ಇಳಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಲೆಕ್ಕ ನಿಮಗಿರಲಿ ಕಣಮ್ಮ" ಎಂದ ದ್ಯಾವಯ್ಯ,
"ರಾತ್ರಿ ಎರಡಕ್ಕೆ ಕಾಫಿ ಗಿಡದ ಸಂದಿಗೆ ಬಿಟ್ರೆ
ಕಲ್ಲೋ ಆನೆಯೋ ಗೊತ್ತಾಗ್ಬೇಕು.
ಆನೆ ಬೆಳಕು ಕುಡಿದುಬಿಡುತ್ತೆ, ವಾಪಸ್ ಕೊಡಲ್ಲ.
ಕಣ್ಣು ಹೊಳೀತು ಅಂದ್ರೆ
ನಮ್ಮನ್ನ ನೋಡಾಯ್ತು ಅಂತ."

ಹಳೇದಕ್ಕೆ ಡಬ್ಬವಿಲ್ಲ, ಹದ್ದಿಲ್ಲ,
ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ.
ಇನ್ನೂರ ಇಪ್ಪತ್ತು. ಮುಕ್ಕಾಲು ಗಂಟೆಗೆ ಇನ್ನೂರ ಹತ್ತು.
"ಇದು ಚೆಲುವಯ್ಯಂದು. ಅವನೀಗ ಹಗಲು ಪಾಳಿ ಕೇಳ್ತಾನೆ."
ಯಾಕೆಂದು ನಾನು ಕೇಳಲಿಲ್ಲ.

ಒಂದೊಂದಕ್ಕೂ ಬಿಳಿ ಪ್ಲಾಸ್ಟರ್ ಸುತ್ತಿ
ಬಾಲ್‌ಪೆನ್ನಲ್ಲಿ ನನ್ನ ಸಂಖ್ಯೆ ಬರೆದೆ.
ಮೂರನೆಯದಕ್ಕೆ ಬರೀ 'ಮಣ್ಣು'.

ಅವನು ಹೋದ ಮೇಲೆ ಕಪ್ಪು ಬಟ್ಟೆ ಬಿಚ್ಚಿದೆ.
ಸಂಜೆ ಆರರ ಬಿಸಿಲಿನಲ್ಲಿ ಬಲ್ಬು ಇನ್ನೂ ಉರಿಯುತ್ತಿತ್ತು.
ಅದರ ನೆತ್ತಿಯ ಮೇಲೆ ಮಾಸಿದ ಅಚ್ಚು, ಅರವತ್ತು.
ಹತ್ತೊಂಬತ್ತು ವರ್ಷದಲ್ಲಿ ಅದನ್ನೊಮ್ಮೆಯೂ
ನಾನು ಅಳೆದು ನೋಡಿದವಳಲ್ಲ.