ಕ್ರಿಯಾಪದದ ಖಾನೆ

ಮದ್ದೂರು ರಸ್ತೆಯ ಬೆಲ್ಲದ ಘಟಕದಲ್ಲಿ
ಮೊನ್ನೆ ಸಂಜೆ ನಾಲ್ಕೂ ಹತ್ತಕ್ಕೆ
ಬಿಸಿ ಪಾಕ ಹೊರಗೆ ಬಂತು.
ಅಷ್ಟು ಮಾತ್ರ ಎಲ್ಲರಿಗೂ ಒಪ್ಪಿಗೆ.

ಒಸಾಕಾದ ಯಂತ್ರ. ಅದರ ಬೆನ್ನಿಗೇ ಬಂದ ಕುವಾಬಾರಾ
ಪೆನ್ಸಿಲ್ ತುದಿಯನ್ನು ಖಾಲಿ ಖಾನೆಯ ಮೇಲಿಟ್ಟು
ನನ್ನ ಬಾಯಿಯನ್ನೇ ನೋಡುತ್ತಾರೆ:
ಬಂತು ಅಂದರೆ, ಹೇಗೆ ಬಂತು?

ನಾನು ನೀರುಗಂಟಿಯ ಮಗಳು.
ಅಪ್ಪ ತೂಬಿಗೆ ಕಿವಿಯಿಟ್ಟು ಹೇಳುತ್ತಿದ್ದ,
ಇದು ಒಸರು, ಇದು ಜಿನುಗು,
ಇದು ಮಾತ್ರ ಸೋರಿಕೆ, ಗುದ್ದಲಿ ತಾ.
ಕೆರೆ ತುಂಬಿದರೆ ಉಕ್ಕಿತು ಅನ್ನಬಾರದು, ಕೋಡಿ ಬಿತ್ತು;
ತಪ್ಪಿದರೆ ಊರೇ ನಗುತ್ತಿತ್ತು.
ಆದರೂ ಹಾಲಿಗೆ, ಹೊಳೆಗೆ, ದುಃಖಕ್ಕೆ, ಅಕ್ಕರೆಗೆ
ಒಂದೇ ಉಕ್ಕು ಸಾಕಾಗಿತ್ತು ನಮಗೆ.

ಇಲ್ಲಿ ಸಾಲದು.
ಮೊರೆರು ಎಂದು ಬರೆದರೆ ಸೋರಿದ್ದು, ತಪ್ಪು ಕೊಳವೆಯದು.
ನನ್ನ ಕಿವಿಗೆ ಅದು ಯಾರೋ ಮೊರೆಯಿಟ್ಟ ಹಾಗೆ.
ಅಫುರೆರು ಎಂದರೆ ತುಂಬಿ ತುಳುಕಿದ್ದು,
ಅಳತೆ ನೋಡಬೇಕಾದವರು ನೋಡಲಿಲ್ಲ ಎಂದಾಗುತ್ತದೆ.
ಒಲೆಯ ಮೇಲಿಂದ ಉಕ್ಕಿ ಚೆಲ್ಲುವುದಕ್ಕೇ ಒಂದು ಪದವಿದೆ, ಫುಕಿಕೊಬೊರೆರು;
ಅದರೊಳಗೆ ಒಲೆಯ ಮುಂದೆ ಮೈಮರೆತು ನಿಂತ
ಒಬ್ಬ ಹೆಂಗಸು ಇದ್ದೇ ಇರುತ್ತಾಳೆ.
ಕೊಬೊಸು, ಅದು ಕೈಯಾರೆ ಚೆಲ್ಲಿದ್ದು.
ಮ್ಯಾನೇಜರ್ ಉಮಾಪತಿಯವರಿಗೆ ಜಪಾನಿ ಬಾರದು,
ಆದರೂ ನಾನದನ್ನು ಅಂದಾಗ ತಲೆಯಾಡಿಸಿದರು.

ಸಣ್ಣತಾಯಮ್ಮ ಬೆಂಚಿನ ತುದಿಯಲ್ಲಿ.
ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು.
ಹೆಂಗೆ ಬಂತಕ್ಕ, ಸರಿಯಾಗಿ ಹೇಳಿ.
“ಬಂತು.”
ಹರಿದು ಬಂತಾ, ಚಿಮ್ಮಿತಾ?
“ಬಂತು ಕನವ್ವ.”
ಮೊದಲು ಸದ್ದಾಯಿತಾ? ಮುಚ್ಚಳ ಅಲ್ಲಾಡಿತಾ?
ತೊಟ್ಟಿಕ್ಕಿ ಆಮೇಲೆ ಸುರಿಯಿತಾ, ಇಲ್ಲಾ...

ತುಟಿ ಬಿಗಿಹಿಡಿದಳು. ಕೆನ್ನೆ ಉಬ್ಬಿತು. ಮೂಗಿನಲ್ಲಿ ಸಣ್ಣ ಸೀಟಿ.
ಆಮೇಲೆ ನಗು, ಬೆಂಚು ಕುಲುಕುವ ಹಾಗೆ.
“ಅಯ್ ಬುಡವ್ವ, ಪಾಕ ಏನ್ ನನ್ ಕೇಳ್ಕಂಡ್ ಬಂದದಾ?
ಮೂರ್ ದಿನದಿಂದ ಬುಸ್‌ಗುಟ್ತಿತ್ತು, ಯೋಳುದ್ರೆ ಯಾರ್ ಕೇಳುದ್ರು!”

ಫುಕಿದಾಸು, ಅಂದೆ. ಫುಕಿದಾಶಿತಾ.
ಒಳಗೆ ಒತ್ತಿಟ್ಟದ್ದು ಸಂದಿ ಕಂಡಲ್ಲಿ ಹೊರಗೆ ಹಾರುವುದು.
ಹಬೆಗೂ ಅದೇ, ತಡೆಯಲಾರದ ನಗುವಿಗೂ ಅದೇ;
ಬರೆಯುವಾಗ ಬೇರೆ ಅಕ್ಷರ, ಬಾಯಲ್ಲಿ ಒಂದೇ.
ಕುವಾಬಾರಾ ಅವಳನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡಿ
“ಮೂರು ದಿನ?” ಎಂದು ಕೇಳಿದರು.
ಉಮಾಪತಿಯವರು ಕಿಟಕಿಯಾಚೆಯ ಕಬ್ಬಿನ ಗಾಡಿ ಎಣಿಸತೊಡಗಿದರು.

ಖಾನೆ ತುಂಬಿತು. ಸಹಿಯ ಜಾಗಕ್ಕೆ ಅವಳ ಎಡಗೈ ಹೆಬ್ಬೆಟ್ಟು.
ಬ್ಯಾಂಡೇಜಿನ ಮೇಲೆ ಆಗಲೇ ಒಂದು ಹಳದಿ ಚುಕ್ಕೆ,
ನೋಡುತ್ತಿದ್ದಂತೆ ಅಗಲವಾಗುತ್ತಿತ್ತು.
ಅದಕ್ಕೂ ಪದವಿದೆ. ನಿಜಿಮು.
ನಿಜ ಎಂದೇ ಶುರುವಾಗುತ್ತದೆ.
ಫಾರಂನಲ್ಲಿ ಅದನ್ನು ಕೇಳಿರಲಿಲ್ಲ.