ಹನ್ನೊಂದನೆಯ ಲಕೋಟೆ

ಮಹಾಸಭೆಗೆ ಇನ್ನು ಒಂಬತ್ತು ದಿನ.
ಮಲೂಟಿ ಬೆಟ್ಟಗಳ ನೆತ್ತಿಗೆ ಹಿಮ ಕೂತಿದೆ,
ಕೀಲಿಮಣೆಯ ಮೇಲೆ ನನ್ನ ಬೆರಳು ಮರಗಟ್ಟಿವೆ.
ಆರು ವರ್ಷಕ್ಕೊಮ್ಮೆ ಹೀಗೆಯೇ:
ಮಂಚ ಎಣಿಸುತ್ತೇವೆ, ಕಂಬಳಿ ಎಣಿಸುತ್ತೇವೆ,
ಎಣಿಸುತ್ತ ಎಣಿಸುತ್ತ ನಮ್ಮವರೆಗೆ ಬಂದುಬಿಡುತ್ತೇವೆ.
ಹೋದ ಸಲ ನೂರಾ ನಾಲ್ಕು.
ಈಗ ಎಪ್ಪತ್ತೊಂದು.

ಮದರ್ ಲಿನೆಯೊ ಹನ್ನೊಂದು ಮನೆಗಳಿಗೂ
ಒಂದೇ ಪ್ರಶ್ನೆ ಕಳಿಸಿದ್ದರು:
ದೇವರು ನಮ್ಮ ಕೈಯಿಂದ ಏನನ್ನು ಬಿಡಿಸುತ್ತಿದ್ದಾರೆ?
ಪ್ರಾರ್ಥಿಸಿ. ಆಮೇಲೆ ಬರೆಯಿರಿ.
'ಆಮೇಲೆ' ಎಂಬುದರ ಕೆಳಗೆ ಎರಡು ಗೆರೆ.

ಉತ್ತರ ಕೂಡಿಸುವುದು ನನ್ನ ಪಾಲಿನ ಧ್ಯಾನ.
ಮೊಖೊಟ್ಲಾಂಗ್‌ನಿಂದ ಹನ್ನೆರಡು ಪುಟ,
ಅಂಚಿನಲ್ಲಿ ಮೇಣದ ಹನಿ.
ಥಾಬಾ-ತ್ಸೆಕಾದ ಆಸ್ಪತ್ರೆಯವರದು
ಔಷಧಿ ಚೀಟಿಯ ಬೆನ್ನಿಗೆ ಒಂದೇ ಸಾಲು:
ಬಿಡುವ ಮಾತು ಇರಲಿ,
ಮೊದಲು ರಾತ್ರಿ ಪಾಳಿಗೆ ಇಬ್ಬರನ್ನು ಕೊಡಿ.
ಗಡಿಯಾಚೆಯ ಗಣಿ ಊರಿನಿಂದ ಸಿಸ್ಟರ್ ರೆಫಿಲೊಯೆ:
ಪ್ರಾರ್ಥಿಸಿದೆವು. ಜಗಳವಾಡಿದೆವು.
ಮತ್ತೆ ಪ್ರಾರ್ಥಿಸಿದೆವು. ಇದು ಮೂರನೆಯ ಕರಡು.
ಅದನ್ನು ಹಾಗೆಯೇ ಇಳಿಸಿದೆ,
ಒಂದು ಕೊಂಬನ್ನೂ ತಿದ್ದದೆ.

ಪಕ್ಕದ ಅಡುಗೆಮನೆಯಲ್ಲಿ ಸಿಸ್ಟರ್ ತ್ಸೆಪಿಸೊ
ಕಾಳು ಹಸನು ಮಾಡುತ್ತಿದ್ದಾಳೆ.
ಅವಳು ಪ್ರತಿನಿಧಿಯಲ್ಲ, ಯಾವತ್ತೂ ಆಗಿಲ್ಲ.
ಮೌನ ಶುರುವಾಗುವ ಮುನ್ನ ಅಂದಿದ್ದಳು:
ಪವಿತ್ರಾತ್ಮರು ಬಂದಾಗ ಈ ಮನೆಯಲ್ಲಿ ಒಲೆ ಆರಿದ್ದರೆ
ಮುಂದಿನ ಬಾಗಿಲಿಗೆ ಹೋಗುತ್ತಾರೆ, ನೋಡುತ್ತಿರು.
ಈಗ ಮಾತಿಲ್ಲ. ತಗಡಿನ ಬಟ್ಟಲಿಗೆ
ಆಗಾಗ ಒಂದು ಕಲ್ಲು ಬೀಳುತ್ತದೆ. ಟಣ್.

ಹನ್ನೊಂದನೆಯದು ತಡವಾಗಿ ಬಂತು,
ಕುದುರೆಯ ಮೇಲೆ, ಕುರಿ ಕಾಯುವ ಹುಡುಗನ
ಕಂಬಳಿಯೊಳಗೆ ಬೆಚ್ಚಗೆ.
ಸೆಮೊನ್‌ಕಾಂಗ್‌ನಿಂದ. ಹೊಗೆಯ ಊರು ಅಂತ ಹೆಸರಿನ ಅರ್ಥ;
ಕಾಗದಕ್ಕೂ ಹೊಗೆಯ ವಾಸನೆ.
ಅಲ್ಲಿ ಉಳಿದಿರುವುದು ಸಿಸ್ಟರ್ ಅನಾಕ್ಲೆಟಾ,
ತೊಂಬತ್ತರ ಹತ್ತಿರ, ಜೊತೆಗೆ ಒಬ್ಬ ಕಿರಿಯಳು.
ಬಿಡಿಸಿದೆ. ನಾಲ್ಕು ಮಡಿಕೆ.
ಒಳಗೆ ಏನೂ ಇಲ್ಲ.

ಬೆಳಕಿಗೆ ಹಿಡಿದೆ. ಬೆನ್ನು ನೋಡಿದೆ.
ಮರೆತರೇ? ಕಣ್ಣು ಪೂರ್ತಿ ಹೋಯಿತೇ?
ಮಸಿ ತೀರಿದ ಪೆನ್ನಿನಿಂದ
ಒಂದು ಪುಟ ತುಂಬ ಬರೆದರೇ?
ಅಕ್ಷರ ಕಲಿಸುವಾಗ ನನಗೆ ಹೇಳುತ್ತಿದ್ದವರು ಇವರೇ:
ಮೊದಲು ಹಾಳೆಯನ್ನು ನೋಡು ಮಗು, ಅವಸರವೇನು.
ನಾನು ಅವಸರದವಳಾಗಿಯೇ ಉಳಿದೆ.

ಮದರ್ ಪ್ರಾರ್ಥನಾ ಮಂದಿರದ ನೆಲದಲ್ಲಿ
ಮಂಡಿಯೂರಿ ಮೇಣ ತಿಕ್ಕುತ್ತಿದ್ದರು.
ಕೈ ಒರೆಸಿಕೊಂಡು ತೆಗೆದುಕೊಂಡರು.
ಓದಿದರು. ನಿಜಕ್ಕೂ ಓದಿದರು,
ಮೇಲಿಂದ ಕೆಳಗೆ, ಮಗುಚಿ ಮತ್ತೆ.
ಮೌನ ಮುರಿದು ಒಂದೇ ಮಾತು:
ನಕಲು ತೆಗೆ. ಇಪ್ಪತ್ತೇಳು.

ಜನರೇಟರ್ ಕೆಮ್ಮಿತು, ಯಂತ್ರ ಎದ್ದಿತು.
ಖಾಲಿ ಹಾಳೆಯಿಂದ ಖಾಲಿ ಹಾಳೆಗಳು ಬಂದವು;
ಮಡಿಕೆಯ ನೆರಳು ಮಾತ್ರ ಬೂದಿಬಣ್ಣದಲ್ಲಿ,
ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ.
ಇಪ್ಪತ್ತೊಂದಕ್ಕೆ ಡೀಸೆಲ್ ಮುಗಿಯಿತು.
ಉಳಿದ ಆರನ್ನು ಕೈಯಲ್ಲೇ ಮಡಿಸಿದೆ,
ಉಗುರಿನಿಂದ ಒತ್ತಿ ಒತ್ತಿ.

ನನ್ನ ಉತ್ತರ ಇನ್ನೂ ಬರೆದಿಲ್ಲ.
ಒಂದು ಕೈಯಲ್ಲಿ ಪಟ್ಟಿ ಹಿಡಿದಿದ್ದೇನೆ,
ಇನ್ನೊಂದರಲ್ಲಿ ಬೀಗದ ಕೈಗಳ ಗೊಂಚಲು.
ಸಂಜೆಯ ಗಂಟೆ ಬಡಿಯುತ್ತಿದೆ.
ಆಚೆ ಬಟ್ಟಲಲ್ಲಿ, ಟಣ್.
ದಿಂಬುಗಳು ಇನ್ನೂ ಎರಡು ಕಡಿಮೆ ಇವೆ.